ಕಿವಿಗೂ ಮಡಿಯೇ?

ಊಟಕ್ಕೆ ಮಡಿ, ಪೂಜೆಗೆ ಮಡಿ ಎಂಬುದು ಹಿರಿಯರ ಮನೆಗಳಲ್ಲಿ ನಡೆದುಬಂದ ಪದ್ಧತಿ. ಅದರ ಗುಣದೋಷಗಳ ವಿಚಾರ ಇಲ್ಲಿ ಪ್ರಕೃತವಲ್ಲ. ಆದರೆ ಕಿವಿಗೂ ಮಡಿ ಉಡಿಸಬೇಕೆಂಬ ವಾದವೊಂದು ತುಮಕೂರಿನ ವಿದ್ಯಾವಂತರ ಮನೆಯ ಜಗಲಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ವಿಚಾರಕ್ಕೆ ತಾರದೆ ಬಿಡುವುದು ಉಚಿತವಲ್ಲ.

ಆ ವಾದದ ಸ್ವರೂಪವಿದು. ಸಂಗೀತವೆಂದರೆ ತಂಬೂರಿಯ ಶ್ರುತಿಗೆ ಕುಳಿತು ಹಾಡುವ ಶಾಸ್ತ್ರೀಯ ಸಂಗೀತವೊಂದೇ. ನಾಟಕದ ಹಾಡು ಅದರ ಅಪಭ್ರಂಶ. ಹಳ್ಳಿಯ ಪದ ಅಸಂಸ್ಕೃತ. ಪಾಶ್ಚಾತ್ಯರ ವಾದ್ಯಮೇಳ ಪರಧರ್ಮ. ಸಿನೆಮಾ ಹಾಡಂತೂ ಹೆಸರೆತ್ತಲೂ ಯೋಗ್ಯವಲ್ಲ. ಆದಕಾರಣ ಸದಭಿರುಚಿಯುಳ್ಳವನು ಒಂದನ್ನೇ ಕೇಳಬೇಕು. ಹಲವನ್ನು ಕೇಳಿದರೆ ಕಿವಿ ಕೆಡುತ್ತದೆ. ಹೀಗೆ ಹೇಳುವವರು ಸಾಮಾನ್ಯರಲ್ಲ. ರಾಮನವಮಿಯ ಕಚೇರಿಗೆ ತಪ್ಪದೆ ಬರುವವರು. ರಾಗದ ಛಾಯೆಯನ್ನು ಎರಡು ಸ್ವರಗಳಲ್ಲಿ ಗುರುತಿಸಬಲ್ಲವರು. ಅವರ ನಿಷ್ಠೆ ಗೌರವಾರ್ಹವಾದುದೇ ಸರಿ. ಆದರೆ ಅವರ ವಾದಕ್ಕೆ ಶಾಸ್ತ್ರದ ಬೆಂಬಲವೂ ಇಲ್ಲ, ಇತಿಹಾಸದ ಬೆಂಬಲವೂ ಇಲ್ಲ.

ಮೊದಲು ಶಾಸ್ತ್ರವನ್ನೇ ನೋಡಬಹುದು. ಮತಂಗಮುನಿಯ ಗ್ರಂಥದ ಹೆಸರೇ 'ಬೃಹದ್ದೇಶೀ'. ಸ್ತ್ರೀಯರೂ ಬಾಲರೂ ಗೋಪಾಲಕರೂ ಅರಸರೂ ತಂತಮ್ಮ ದೇಶಗಳಲ್ಲಿ ಇಚ್ಛೆಯಿಂದಲೂ ಅನುರಾಗದಿಂದಲೂ ಹಾಡುವುದು ದೇಶಿ ಎಂಬುದು ಆತನ ಲಕ್ಷಣವಾಕ್ಯದ ತಾತ್ಪರ್ಯ. ದನಕಾಯುವವನನ್ನೂ ದೊರೆಯನ್ನೂ ಒಂದೇ ವಾಕ್ಯದಲ್ಲಿ ಕೂರಿಸಲು ಆ ಮುನಿ ಸಂಕೋಚಪಡಲಿಲ್ಲ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಮಾರ್ಗವನ್ನು ಹೇಳಿ ದೇಶಿಯನ್ನು ಬಿಡಲಿಲ್ಲ. ಎರಡಕ್ಕೂ ಲಕ್ಷಣ ಬರೆದನು. ಇನ್ನು ಸಹೃದಯನೆಂದರೆ ಯಾರು? ಅನುಶೀಲನದ ಅಭ್ಯಾಸದಿಂದ ಕನ್ನಡಿಯಂತೆ ನಿರ್ಮಲವಾದ ಮನಸ್ಸುಳ್ಳವನೆಂದು ಅಭಿನವಗುಪ್ತಾಚಾರ್ಯರು ಹೇಳುತ್ತಾರೆ. ಎದುರಿಗೆ ಬಂದವರ ಕುಲಗೋತ್ರವನ್ನು ಕೇಳಿ ಪ್ರತಿಬಿಂಬ ತೋರಿಸುವ ಕನ್ನಡಿ ಲೋಕದಲ್ಲಿ ಎಲ್ಲಿಯಾದರೂ ಉಂಟೇ?

ಇತಿಹಾಸವಾದರೂ ಮಡಿವಂತರ ಪಕ್ಷದಲ್ಲಿದೆಯೇ ಎಂದರೆ ಅದೂ ಇಲ್ಲ. ಅತಿಶುದ್ಧವೆಂದು ಅವರು ನಂಬಿರುವ ಕಚೇರಿಯಲ್ಲಿ ಹಾಡುವವರ ಪಕ್ಕದಲ್ಲಿ ಕುಳಿತ ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಬಾಲುಸ್ವಾಮಿ ದೀಕ್ಷಿತರು. ಅವರ ಅಣ್ಣಂದಿರಾದ ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿ 'ನೊಟ್ಟುಸ್ವರ'ಗಳೆಂಬ ಹೊಸ ಜಾತಿಯನ್ನೇ ಸೃಷ್ಟಿಸಿದರು. ಅದರಿಂದ ದೀಕ್ಷಿತರ ಕಿವಿ ಕೆಟ್ಟಿತೆಂದು ಹೇಳುವ ಧೈರ್ಯ ಯಾರಿಗಿದೆ? ದಕ್ಷಿಣದ ಹಂಸಧ್ವನಿ, ಆಭೋಗಿಗಳು ಉತ್ತರಕ್ಕೆ ಹೋದವು. ಉತ್ತರದ ಬೇಹಾಗ್, ದೇಶ್ ರಾಗಗಳು ದಕ್ಷಿಣಕ್ಕೆ ಬಂದವು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ತ್ಯಾಗರಾಜರ ಕೃತಿಯನ್ನು ಕಲಿತು ಹಾಡಿ ಧ್ವನಿಮುದ್ರಿಕೆಗೂ ಕೊಟ್ಟರು. ದೊಡ್ಡವರು ಬಾಗಿಲು ತೆರೆದಿದ್ದ ಕಾಲದಲ್ಲಿ ಸಂಗೀತ ಬೆಳೆಯಿತು. ಈಗ ಅಗುಳಿ ಹಾಕಹೊರಟವರು ಅವರಿಗಿಂತ ದೊಡ್ಡವರೇ?

ಮೈಸೂರಿನ ಅರಮನೆಯನ್ನು ಮಡಿವಂತರು ಪದೇಪದೇ ಸ್ಮರಿಸುತ್ತಾರೆ. ಆ ಅರಮನೆಯ ನಡವಳಿಕೆಯಾದರೋ ಅವರ ವಾದಕ್ಕೆ ನೇರವಾಗಿ ವಿರುದ್ಧ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೈಣಿಕರಿಗೂ ಗಾಯಕರಿಗೂ ಇದ್ದಂತೆ ಪಾಶ್ಚಾತ್ಯ ವಾದ್ಯವೃಂದಕ್ಕೂ ಆಶ್ರಯವಿತ್ತು. ಭಾರತದ ಮೊದಲ ಗ್ರಾಮಫೋನ್ ಮುದ್ರಿಕೆಗಳಿಗೆ 1902ರಲ್ಲಿ ಹಾಡಿದ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಆಶ್ರಯ ಪಡೆದದ್ದು ಇದೇ ಆಸ್ಥಾನದಲ್ಲಿ. ಆಕೆ 1930ರಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲಿಯೇ. ತರುವಾಯದ ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು. ರಷ್ಯಾದ ಮೆಡ್ಟ್‌ನರ್ ಎಂಬ ಸಂಗೀತಕಾರನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದಲ್ಲಿ ದ್ರವ್ಯಸಹಾಯ ಮಾಡಿದವರು. ಅದೇ ಕೈಯಿಂದ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದವರು. ಪರಸಂಗೀತದ ಪರಿಚಯ ಸ್ವಸಂಗೀತದ ಭಕ್ತಿಯನ್ನು ಕುಂದಿಸುವುದೆಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ದೂರದ ಮೈಸೂರೇಕೆ, ಹತ್ತಿರದ ಗುಬ್ಬಿಯನ್ನೇ ನೋಡಬಹುದು. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಕನ್ನಡನಾಡಿನ ಊರೂರಿಗೂ ಸಂಗೀತವನ್ನು ಹೊತ್ತುಕೊಂಡು ಹೋಯಿತು. ಕಂಪನಿಯ ನಾಟಕಗಳಲ್ಲಿ ಕರ್ನಾಟಕ ರಾಗಗಳೂ ಹಿಂದೂಸ್ತಾನಿಯ ಧಾಟಿಗಳೂ ಪಾರ್ಸಿ ರಂಗಭೂಮಿಯ ಮಟ್ಟುಗಳೂ ಒಂದೇ ರಾತ್ರಿಯಲ್ಲಿ ಕೂಡಿ ನಡೆದವು. ಕಚೇರಿಯ ಮೆಟ್ಟಿಲನ್ನೇ ಹತ್ತದ ರೈತನೂ ಬಂಡಿ ಕಟ್ಟಿಕೊಂಡು ಬಂದು ಆ ರಾಗಗಳನ್ನು ಕೇಳಿ, ಮರುದಿನ ಹೊಲದಲ್ಲಿ ಗುನುಗಿದನು. ಈ ಉಪಕಾರವನ್ನು ಯಾವ ಸಭೆಯೂ ಮಾಡಿರಲಿಲ್ಲ. ಅಂಥ ಸಂಗೀತವನ್ನು ಅಪಭ್ರಂಶವೆನ್ನುವವರು ಡಾ. ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರದ ಕುರ್ಚಿಯಲ್ಲಿ ಕುಳಿತೇ ಆ ಮಾತನ್ನಾಡುತ್ತಾರೆಂಬುದು ವಿನೋದ. ನಾಟಕದ ಪ್ರಾಣವಾದ ಹಾರ್ಮೋನಿಯಮ್ಮನ್ನು ಆಕಾಶವಾಣಿಯು 1940ರಲ್ಲಿ ಬಹಿಷ್ಕರಿಸಿ, ಮೂರು ದಶಕಗಳ ಮೇಲೆ ಆ ಬಹಿಷ್ಕಾರವನ್ನು ಸಡಿಲಿಸಿತು. ಅಷ್ಟುಕಾಲವೂ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ಮಡಿಯ ಬಾಳು ಇಷ್ಟೇ.

ಈಗ ಮರ್ಮಕ್ಕೆ ಬರಬೇಕು. ಸಂಗೀತಗಳ ಉಚ್ಚನೀಚವೆಂದು ಹೇಳುವುದು ಬಹುಮಟ್ಟಿಗೆ ಸಂಗೀತಗಾರರ ಉಚ್ಚನೀಚವೇ ಆಗಿದೆ. ದೇವರ ಉತ್ಸವಕ್ಕೆ ನಾಗಸ್ವರ ಬೇಕು. ನುಡಿಸುವವನು ಮಾತ್ರ ಬಹುಕಾಲ ಹೊರಗೇ ನಿಂತನು. ಹಬ್ಬಕ್ಕೆ ತಮಟೆ ಬೇಕು. ಬಡಿಯುವವನನ್ನು ಕಲಾವಿದನೆನ್ನಲು ನಾಲಗೆ ತಡವರಿಸುತ್ತದೆ. ಶಿರಾ ಸೀಮೆಯ ಕಾಡುಗೊಲ್ಲರು 'ಗಣೆ' ಎಂಬ ಉದ್ದನೆಯ ಬಿದಿರಿನ ಕೊಳಲನ್ನೂದಿ ಜುಂಜಪ್ಪನ ಕಾವ್ಯವನ್ನು ಹಾಡುತ್ತಾರೆ. ಮತಂಗನು ಹೇಳಿದ ಗೋಪಾಲಕರು ಇವರೇ ಅಲ್ಲವೇ? ಸಂಸ್ಕೃತದ ಲಕ್ಷಣವಾಕ್ಯವನ್ನು ಬಾಯಿಪಾಠ ಮಾಡಿದವರು, ಅದರ ಲಕ್ಷ್ಯವು ಜಿಲ್ಲೆಯೊಳಗೇ ಇರಲು, ಒಮ್ಮೆಯೂ ಹೋಗಿ ಕೇಳುವುದಿಲ್ಲ. ಕುಣಿಗಲ್ ಕೆರೆಯನ್ನು ಹೊಗಳುವ ಜನಪದ ಗೀತೆಗೆ ಪಟ್ಟಣದ ವೇದಿಕೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಕುಣಿಗಲ್ ಸೀಮೆಯಿಂದ ಬಂದ ಅಜ್ಜಿ ಮೊಮ್ಮಗಳ ಮದುವೆಯಲ್ಲಿ ಸೋಬಾನೆ ಎತ್ತಿದರೆ, ಧ್ವನಿವರ್ಧಕದ ಸದ್ದಿಗೆ ಆಕೆಯ ದನಿ ಅಡಗುತ್ತದೆ; ಓದಿದ ಮಕ್ಕಳು ನಾಚಿ ತಲೆ ತಗ್ಗಿಸುತ್ತಾರೆ. ಆಕೆ ಮತ್ತೆ ಹಾಡುವುದಿಲ್ಲ. ಅಂಥವಳೊಬ್ಬಳು ಕಣ್ಮುಚ್ಚಿದಾಗ ಬರೆಯದ ಪುಸ್ತಕವೊಂದು ಸುಟ್ಟುಹೋಗುತ್ತದೆ. ಕಿವಿಯ ಮಡಿಗೆ ತೆರಬೇಕಾದ ಬೆಲೆ ಇದು.

ಇಲ್ಲಿ ಪೂರ್ವಪಕ್ಷಿಗಳು ಇನ್ನೊಂದು ಆಕ್ಷೇಪವನ್ನೆತ್ತಬಹುದು: ಹಲವನ್ನು ಕೇಳುವವನಿಗೆ ಯಾವುದೂ ದಕ್ಕುವುದಿಲ್ಲ; ಹತ್ತು ಕಡೆ ಮೊಳದಷ್ಟು ತೋಡಿದರೆ ನೀರು ಸಿಕ್ಕದು ಎಂದು. ಈ ಮಾತಿನಲ್ಲಿ ಸತ್ಯವಿದೆ, ಒಪ್ಪಿಕೊಳ್ಳಲೇಬೇಕು. ಹಳೆಯ ಗ್ರಾಮಫೋನ್ ತಟ್ಟೆ ಹಾಡಿಗೆ ಮೂರು ನಿಮಿಷದಷ್ಟು ಅವಕಾಶ ಕೊಡುತ್ತಿತ್ತು. ಇಂದಿನ ಮೊಬೈಲು ಲೋಕದ ಸಂಗೀತವನ್ನೆಲ್ಲ ಅಂಗೈಗೆ ತಂದಿದ್ದರೂ, ಅದನ್ನು ಹಿಡಿದ ಬೆರಳು ಅರ್ಧ ನಿಮಿಷವೂ ಒಂದೆಡೆ ನಿಲ್ಲದು. ಅದು ಬಹುಶ್ರವಣವಲ್ಲ, ಚಪಲ. ಅದಕ್ಕೆ ಮದ್ದು ತಾಳ್ಮೆಯೇ ಹೊರತು ಮಡಿಯಲ್ಲ. ಒಂದರಲ್ಲಿ ಆಳವಾಗಿ ಬೇರೂರಿದವನೇ ಉಳಿದವುಗಳ ಸವಿಯನ್ನು ಚೆನ್ನಾಗಿ ಬಲ್ಲನು; ಆದರೆ ಬೇರೂರಿದ ಮರಕ್ಕೆ ಕೊಂಬೆಗಳು ಹರಡಬಾರದೆಂಬ ನಿಯಮವಿಲ್ಲ. ಎಲ್ಲವನ್ನೂ ಮೆಚ್ಚಬೇಕೆಂದೂ ಇಲ್ಲ. ಹಳೆಯದೆಂಬ ಮಾತ್ರಕ್ಕೆ ಒಳ್ಳೆಯದಲ್ಲ, ಹೊಸದೆಂಬ ಮಾತ್ರಕ್ಕೆ ಕೆಟ್ಟದ್ದಲ್ಲ, ಬಲ್ಲವರು ಪರೀಕ್ಷಿಸಿ ಆರಿಸುತ್ತಾರೆಂದು ಕಾಳಿದಾಸನು ಹೇಳಿದ್ದು ಕಾವ್ಯಕ್ಕೆ ಸಲ್ಲುವಂತೆ ಗಾನಕ್ಕೂ ಸಲ್ಲುತ್ತದೆ. ಕೇಳದೆ ಪರೀಕ್ಷೆಯೆಲ್ಲಿ?

ಆದುದರಿಂದ ಉತ್ಸವಸಮಿತಿಗಳ ಮಹನೀಯರು ಮಾಡಬೇಕಾದುದು ಸ್ವಲ್ಪವೇ. ಹತ್ತು ದಿನದ ಸಂಗೀತೋತ್ಸವದಲ್ಲಿ ಒಂದು ಸಂಜೆ ಗಣೆಗೆ, ಒಂದು ಸಂಜೆ ಮೂಡಲಪಾಯದ ಭಾಗವತರಿಗೆ, ಒಂದು ಸಂಜೆ ರಂಗಗೀತೆಗೆ ಮೀಸಲಾಗಲಿ. ಕಚೇರಿಯ ವಿದ್ವಾಂಸರಿಗೆ ಕೊಡುವ ಶಾಲು, ಸಂಭಾವನೆ, ಮೌನ ಈ ಮೂರೂ ಅವರಿಗೂ ಸಲ್ಲಲಿ. ಮೂರರಲ್ಲಿ ಕೊನೆಯದೇ ಮುಖ್ಯ. ಗೃಹಸ್ಥರು ಮಾಡಬೇಕಾದುದು ಇನ್ನೂ ಸ್ವಲ್ಪ: ಮುಂದಿನ ಮದುವೆಯಲ್ಲಿ ಧ್ವನಿವರ್ಧಕವನ್ನು ಒಂದು ಗಳಿಗೆ ನಿಲ್ಲಿಸಿ, ಅಜ್ಜಿಯನ್ನು ಹಾಡಲು ಬೇಡಿಕೊಳ್ಳಲಿ.