ಅವರಿಗೆ ಸ್ವಿಚ್, ನಮಗೆ ಉಪದೇಶ

ಇಂಟೆಲ್ ಚಿಪ್‌ಗಳೊಳಗೆ ಮುಖ್ಯ ಪ್ರೊಸೆಸರ್‌ನಿಂದ ಪ್ರತ್ಯೇಕವಾಗಿ ಓಡುವ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪುಟ್ಟ ವ್ಯವಸ್ಥೆಯನ್ನು ಆಫ್ ಮಾಡಬೇಕೆನ್ನುವವರಿಗೆ ಅನುಮಾನದ ರೋಗ ಎನ್ನುತ್ತಾರೆ, ಅದರ ಪರವಾಗಿ ಬರೆದ ಲೇಖಕರೊಬ್ಬರು. ಹಾಗಾದರೆ ಆ ರೋಗ ಅಮೆರಿಕ ಸರ್ಕಾರಕ್ಕೂ ತಗುಲಿದೆ. 2017ರಲ್ಲಿ ಪಾಸಿಟಿವ್ ಟೆಕ್ನಾಲಜೀಸ್ ಸಂಶೋಧಕರು ಈ ಎಂಜಿನ್ನನ್ನು ಮಲಗಿಸುವ ಗುಪ್ತ ಬಿಟ್ ಒಂದನ್ನು ಪತ್ತೆಹಚ್ಚಿದರು. ಅದು ಇದ್ದದ್ದು ಅಮೆರಿಕದ ಸರ್ಕಾರಿ ಭದ್ರತಾ ಯೋಜನೆಗಾಗಿ. ಇಂಟೆಲ್ ಕೂಡ ಒಪ್ಪಿಕೊಂಡಿತು.

"ದೋಷ ಕಂಡರೆ ಅಪ್‌ಡೇಟ್ ಬರುತ್ತದಲ್ಲ" ಅಂತೆ! ಅದೇ ವರ್ಷ ಬಯಲಾದದ್ದನ್ನು ನೆನಪಿಸಿಕೊಳ್ಳಲಿ: ಈ ಎಂಜಿನ್ ಮೇಲೆ ಓಡುವ, ಕಂಪ್ಯೂಟರನ್ನು ದೂರದಿಂದ ನಿರ್ವಹಿಸುವ ಎಎಂಟಿ ಸೌಲಭ್ಯ ಚಾಲೂ ಇದ್ದ ಯಂತ್ರಕ್ಕೆ ಪಾಸ್‌ವರ್ಡ್ ಜಾಗದಲ್ಲಿ ಖಾಲಿ ಉತ್ತರ ಕಳಿಸಿದರೆ ಸಾಕು, ದೂರದಿಂದಲೇ ಬಾಗಿಲು ತೆರೆಯುತ್ತಿತ್ತು. ತಿದ್ದುಪಡಿ ಕಂಪ್ಯೂಟರ್ ತಯಾರಕರ ಕೈ ದಾಟಿ ಬರಬೇಕು. ಹಳೇ ಲ್ಯಾಪ್‌ಟಾಪನ್ನು ಯಾರು ಕೇಳುತ್ತಾರೆ?

ಎಂಜಿನ್ನಿನ ತಂತ್ರಾಂಶವನ್ನು ಪೂರ್ತಿ ಅಳಿಸಿದರೆ ಯಂತ್ರ ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ, ನಿಜ. ಅದಕ್ಕೇ ನಾವು ಕೇಳುತ್ತಿರುವುದು ಸುತ್ತಿಗೆಯನ್ನಲ್ಲ, ಬಯೋಸ್‌ನಲ್ಲಿ, ಸರ್ಕಾರಕ್ಕೆ ಕೊಟ್ಟ ಅದೇ ಸ್ವಿಚ್ಚನ್ನು.