ಹಳೆಯ ಮನೆತನಗಳು, ಹೊಸ ವೇಗ

ಕಾರು ತಯಾರಿಸುವ ಹಳೆಯ ಮನೆತನಗಳ ಪಾಡು ಇಂದು ವಿಚಾರಯೋಗ್ಯವಾಗಿದೆ. ನೂರು ವರ್ಷಗಳ ಕಾಲ ಇಂಜಿನನ್ನೇ ಉಪಾಸಿಸಿ ಜಗತ್ತಿನ ಮನ್ನಣೆ ಗಳಿಸಿದ ದೊಡ್ಡ ದೊಡ್ಡ ಕಾರಖಾನೆಗಳು, ವೇಗದ ವಿದ್ಯುತ್ ಕಾರಿನ ಪಂದ್ಯದಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಸಂಸ್ಥೆಗಳ ಬೆನ್ನು ಹತ್ತಿ ಏದುಸಿರು ಬಿಡುತ್ತಿವೆ. ಇದು ದೂರದೇಶದ ಸಿರಿವಂತರ ಚೈನಿಯ ಮಾತೆಂದು ವಾಚಕರು ಪುಟ ತಿರುವಬಾರದಾಗಿ ವಿನಂತಿ. ಈ ಪಂದ್ಯದ ದಾರಿ ಬೆಂಗಳೂರಿನ ಬೊಮ್ಮಸಂದ್ರವನ್ನು ಹಾಯ್ದು, ನಮ್ಮ ಸೀಮೆಯ ಹುಡುಗರು ಪಗಾರಕ್ಕಾಗಿ ಹೋಗುವ ಪುಣೆಯ ಬಳಿಯ ಚಾಕಣಕ್ಕೇ ಬಂದು ಮುಟ್ಟಿದೆ.

ಭಾವಿಯ ಮೇಲೆ ಡೀಸೆಲ್ ಇಂಜಿನನ್ನೂ ವಿದ್ಯುತ್ ಮೋಟರನ್ನೂ ನಡೆಸಿ ನೋಡಿದ ರೈತನಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಜಿನಿಗೆ ಹ್ಯಾಂಡಲು ಹಾಕಿ ತಿರುವಬೇಕು. ಅದು ಕೆಮ್ಮಬೇಕು, ಹೊಗೆಯುಗುಳಬೇಕು. ಒಂದು ಹದದ ವೇಗಕ್ಕೆ ಬಂದ ಮೇಲೆಯೇ ಅದರ ಕಸುವು ಕೈಗೆ ಸಿಗುವುದು. ಮೋಟರಿಗೆ ಗುಂಡಿಯೊತ್ತಿದರೆ ಸಾಕು. ವಿದ್ಯುತ್ ಕಾರಿನ ಮೋಟರಂತೂ ನಿಂತ ನೆಲೆಯಿಂದಲೇ ತನ್ನ ಪೂರ್ಣ ತಿರುಚುಬಲವನ್ನು ಗಾಲಿಗೆ ಕೊಡಬಲ್ಲದು. ಸಾಮಾನ್ಯವಾಗಿ ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಗೇರು ಬದಲಿಸುವ ಗೊಡವೆಯಿಲ್ಲ. ಅಂತೆಯೇ ವೇಗವೆಂಬುದು ವಿದ್ಯುತ್ ಕಾರಿಗೆ ಹೊಸತೂ ಅಲ್ಲ. ಗಂಟೆಗೆ 100 ಕಿಲೋಮೀಟರಿನ ಗಡಿಯನ್ನು ರಸ್ತೆಯ ವಾಹನವೊಂದು ಮೊದಲು ದಾಟಿದ್ದು 1899ರಲ್ಲಿ, ಪ್ಯಾರಿಸಿನ ಹತ್ತಿರ. ಬೆಲ್ಜಿಯಮ್ಮಿನ ಕಮೀಯ್ ಜನಾತ್ಸಿ ಓಡಿಸಿದ ಆ ವಾಹನ ವಿದ್ಯುತ್ತಿನದೇ ಆಗಿತ್ತು. ಮರುವರ್ಷ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ, ಮುಂದೆ ಪೆಟ್ರೋಲ್ ಕಾರುಗಳಿಂದ ಮನೆಮಾತಾದ ಫರ್ಡಿನಂಡ್ ಪೋರ್ಷೆ ಗಾಲಿಯೊಳಗೇ ಮೋಟರು ಕೂಡಿಸಿದ ವಿದ್ಯುತ್ ಬಂಡಿಯನ್ನು ತೋರಿಸಿದ. ಸೋತದ್ದು ಮೋಟರಲ್ಲ, ಬ್ಯಾಟರಿ. ಭಾರವಾದ ಸೀಸದ ಬ್ಯಾಟರಿ ಕೆಲವೇ ಹರದಾರಿಗೆ ಬರಿದಾಗುತ್ತಿತ್ತು, ಪೆಟ್ರೋಲು ಗೆದ್ದಿತು.

ಲಿಥಿಯಮ್ ಬ್ಯಾಟರಿ ಬಂದ ಮೇಲೆ ಲೆಕ್ಕ ತಿರುಗಿತು. ಅಮೆರಿಕದ ಟೆಸ್ಲಾ 2008ರಲ್ಲಿ ಒಂದು ಕ್ರೀಡಾಕಾರನ್ನೂ 2012ರಲ್ಲಿ ಮನೆಮಂದಿಯ ಕಾರನ್ನೂ ತಂದಾಗ ಹಳಬರು ಮೊದಮೊದಲು ಲಕ್ಷ್ಯ ಕೊಡಲಿಲ್ಲ. ಪೋರ್ಷೆ ಸಂಸ್ಥೆಯ ಉತ್ತರವಾದ ಟೈಕಾನ್ ಬಂದುದು 2019ರಲ್ಲಿ. ಉತ್ತರ ತಡವಾದರೂ ತೂಕದ್ದಾಗಿತ್ತು: 800 ವೋಲ್ಟಿನ ವ್ಯವಸ್ಥೆ, ಬೇಗನೆ ವಿದ್ಯುತ್ ತುಂಬಿಕೊಳ್ಳುವ ಶಕ್ತಿ, ಮತ್ತೆ ಮತ್ತೆ ಚಿಮ್ಮಿಸಿದರೂ ಕಾದು ಕುಸಿಯದ ಬ್ಯಾಟರಿ. ಒಮ್ಮೆ ಚಿಮ್ಮುವುದು ಮೋಟರಿಗೆ ಸುಲಭ. ಹತ್ತು ಸಲ ಚಿಮ್ಮಿ, ತಿರುವಿನಲ್ಲಿ ನೆಲ ಕಚ್ಚಿ, ಸುರಕ್ಷಿತವಾಗಿ ನಿಲ್ಲುವುದು ಅನುಭವದ ಮಾತು. ಹಳೆಯ ಮನೆತನಗಳ ಬಂಡವಾಳ ಅದು. ಅವುಗಳ ಹೊರೆ ಬೇರೆಯೇ ಇದೆ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ, ಹಳೆಯ ಒಲೆಯ ಗಳಿಕೆಯಿಂದ ಹೊಸ ಒಲೆಗೆ ಕಟ್ಟಿಗೆ ಒದಗಿಸಬೇಕು. 2030ರ ಹೊತ್ತಿಗೆ ನೂರಕ್ಕೆ ಎಂಬತ್ತು ಕಾರುಗಳು ವಿದ್ಯುತ್ತಿನವೇ ಆಗಬೇಕೆಂದು ಸಾರಿದ್ದ ಪೋರ್ಷೆ, 2025ರ ಸೆಪ್ಟೆಂಬರಿನಲ್ಲಿ ಕೆಲವು ವಿದ್ಯುತ್ ಕಾರುಗಳನ್ನು ಮುಂದಕ್ಕೆ ಹಾಕಿ ಇಂಜಿನಿನ ಕಾರುಗಳನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳುವುದಾಗಿ ಪ್ರಕಟಿಸಿತು. ಅತ್ತ ಚೀನದಲ್ಲಿ, ಮೊಬೈಲ್ ಫೋನು ಮಾರುತ್ತಿದ್ದ ಶಾವೋಮಿ 2024ರಿಂದ ವೇಗದ ವಿದ್ಯುತ್ ಕಾರನ್ನೂ ಮಾರುತ್ತಿದೆ. ಕಳೆದುಕೊಳ್ಳಲು ಹಳೆಯ ಒಲೆಯೇ ಇಲ್ಲದವನ ಧೈರ್ಯ ಅದು.

ಇನ್ನು ನಮ್ಮ ನಾಡಿನ ಕಥೆ. ಬೆಂಗಳೂರಿನ ಮೈನಿ ಉದ್ಯಮ ಸಮೂಹವು ಅಮೆರಿಕದ ಅಮೆರಿಗಾನ್ ಸಂಸ್ಥೆಯೊಡನೆ 1994ರಲ್ಲಿ ಕೈಗೂಡಿಸಿ, ಚೇತನ ಮೈನಿಯವರ ಮುಂದಾಳ್ತನದಲ್ಲಿ 2001ರಲ್ಲಿ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ರಸ್ತೆಗಿಳಿಸಿತು. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಕೆಳಗೆ ಸೀಸದ ಬ್ಯಾಟರಿಗಳು. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರಿನ ಓಟ. ಲಂಡನ್ನಿನ ಬೀದಿಗಳಲ್ಲಿ ಅದು ‘ಜೀ-ವಿಜ್’ ಎಂಬ ಹೆಸರಿನಿಂದ ಓಡಿತು; ಅಲ್ಲಿಯ ಪತ್ರಿಕೆಗಳಿಂದ ನಗೆಚಾಟಿಕೆಗೂ ಗುರಿಯಾಯಿತು. ನಕ್ಕವರು ಒಂದನ್ನು ಮರೆತರೆಂದು ನಮ್ಮ ಅಭಿಪ್ರಾಯ. ಟೆಸ್ಲಾದ ಮೊದಲ ಕಾರು ಹೊರಬರುವುದಕ್ಕಿಂತ ಏಳು ವರ್ಷ ಮೊದಲೇ, ನಮ್ಮ ಬಿಸಿಲಿನಲ್ಲಿ, ನಮ್ಮ ರಸ್ತೆಯ ತಗ್ಗುದಿನ್ನೆಗಳಲ್ಲಿ ಬ್ಯಾಟರಿ ಹೇಗೆ ವರ್ತಿಸುತ್ತದೆಂಬುದನ್ನು ಬೊಮ್ಮಸಂದ್ರದ ಇಂಜಿನಿಯರರು ದಿನವೂ ಅಳೆಯುತ್ತಿದ್ದರು. ಜೀಪು, ಟ್ರ್ಯಾಕ್ಟರುಗಳ ಹಳೆಯ ಮನೆತನವಾದ ಮಹೀಂದ್ರಾ 2010ರಲ್ಲಿ ಆ ಸಂಸ್ಥೆಯ ಬಹುಪಾಲನ್ನು ಕೊಂಡಿತು.

ಮುಂದೆ ಮಹೀಂದ್ರಾ ಹಿಡಿದ ದಾರಿ ವಿಲಕ್ಷಣವಾದದ್ದು. 2014ರಲ್ಲಿ ಆರಂಭವಾದ ಫಾರ್ಮ್ಯುಲಾ-ಇ ಎಂಬ ವಿದ್ಯುತ್ ಕಾರುಗಳ ಜಾಗತಿಕ ಪಂದ್ಯಕ್ಕೆ ಅದು ಮೊದಲ ವರ್ಷವೇ ತಂಡ ಕಳಿಸಿ, 2017ರಲ್ಲಿ ಬರ್ಲಿನ್ನಿನಲ್ಲಿ ಮೊದಲ ಗೆಲುವು ಕಂಡಿತು. ಇಟಲಿಯ ಪಿನಿನ್‌ಫರೀನಾ ಎಂಬ ಹೆಸರಾಂತ ವಿನ್ಯಾಸ ಮನೆತನವನ್ನು ಕೊಂಡು, ಅದರ ಹೆಸರಿನಲ್ಲಿ 2019ರಲ್ಲಿ ‘ಬತ್ತಿಸ್ತಾ’ ಎಂಬ 1900 ಅಶ್ವಶಕ್ತಿಯ ಕಾರನ್ನು ಜಿನೀವಾದಲ್ಲಿ ತೋರಿಸಿತು. ಒಂದೊಂದು ಗಾಲಿಗೂ ಒಂದೊಂದು ಮೋಟರು. ಇಷ್ಟು ಕಾರುಗಳ ಕಸುವನ್ನು ಒಬ್ಬನೇ ಕುಳಿತು ಏನು ಮಾಡುವನೆಂಬುದು ಹಳ್ಳಿಯ ಮಾಸ್ತರರ ಬುದ್ಧಿಗೆ ನಿಲುಕದ ವಿಷಯ, ಇರಲಿ. ಅದರ ಬ್ಯಾಟರಿ, ಮೋಟರುಗಳು ಕ್ರೊಯೇಷಿಯಾದ ರಿಮಾತ್ಸ್ ಎಂಬ ಎಳೆಯ ಸಂಸ್ಥೆಯವು. ಹಳಬರು ಹೊಸಬರಿಂದ ಕಡ ತರುವುದು ಹೀಗೆ. 2024ರ ನವೆಂಬರಿನಲ್ಲಿ ಮಹೀಂದ್ರಾ ಚೆನ್ನೈಯಲ್ಲಿ ತೋರಿಸಿದ ಕಾರು, ಈಗ ಬಿ.ಇ. 6 ಎಂದು ಹೆಸರಾದುದು, ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರಿನ ವೇಗಕ್ಕೆ 6.7 ಸೆಕೆಂಡಿನಲ್ಲಿ ಏರುತ್ತದೆಂದು ಸಂಸ್ಥೆಯ ಹೇಳಿಕೆ. ಅದು ರೇವಾದ ನೇರ ಸಂತಾನವೇನಲ್ಲ. ಬ್ಯಾಟರಿಯ ಕೋಶಗಳು ಚೀನದ ಬಿ.ವೈ.ಡಿ. ಸಂಸ್ಥೆಯವು. ಆದರೆ ಕಾರು ಸಿದ್ಧವಾಗುವುದು ಚಾಕಣದಲ್ಲಿ.

ನಮ್ಮ ಗಡಿಭಾಗದ ಮನೆಗಳಿಗೆ ಈ ವೇಗದ ಕಥೆಯಲ್ಲಿ ಮುಖ್ಯವಾದುದು ಇಲ್ಲಿಂದ ಮುಂದೆ ಇದೆ. ವಿದ್ಯುತ್ ಕಾರಿನಲ್ಲಿ ಪಿಸ್ಟನ್ ಇಲ್ಲ, ಕ್ರ್ಯಾಂಕ್ ಇಲ್ಲ, ಇಂಧನದ ಪಂಪಿಲ್ಲ, ಸೈಲೆನ್ಸರಿಲ್ಲ. ಇವನ್ನೇ ಕಡೆದು, ಕೊರೆದು, ಜೋಡಿಸಿ ಪುಣೆಯ ಸುತ್ತಲಿನ ಸಾವಿರಾರು ಕೈಗಳು ಬದುಕಿವೆ. ಬೆಂಗಳೂರಿನಲ್ಲಿ ಮೈಕೋ ಎಂದು ಹೆಸರಾಗಿದ್ದ, 1951ರಲ್ಲಿ ಹುಟ್ಟಿದ ಕಾರಖಾನೆ ಬೆಳೆದುದೂ ಸ್ಪಾರ್ಕ್ ಪ್ಲಗ್ಗು, ಇಂಧನ ಪಂಪುಗಳಿಂದಲೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಎಣ್ಣೆ ಇಂಜಿನುಗಳ ಸಂಸ್ಥೆಯನ್ನೂ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಸಂಸ್ಥೆಯನ್ನೂ ಒಟ್ಟಿಗೇ ಹೂಡಿತು. ಎರಡು ಒಲೆಗಳ ವಿವೇಕ ಅಂದೇ ಈ ಮಣ್ಣಿನವರಲ್ಲಿತ್ತು.

ಆದ್ದರಿಂದ ಹತ್ತನೆಯ ಇಯತ್ತೆ ಮುಗಿಸಿದ ಮಗನಿಗೆ ಐ.ಟಿ.ಐ.ಯಲ್ಲಿ ಏನು ಕಲಿಸಬೇಕೆಂದು ಕೇಳುವ ಪಾಲಕರಿಗೆ, ಡೀಸೆಲ್ ಮೆಕ್ಯಾನಿಕ್ ಎಂಬ ಹಳೆಯ ಉತ್ತರವನ್ನೇ ನಾವು ಕೊಡಲಾರೆವು. ಟ್ರ್ಯಾಕ್ಟರು, ಲಾರಿಗಳ ಡೀಸೆಲು ನಾಳೆಯೇ ಆರುವುದಿಲ್ಲ, ನಿಜ. ಆದರೆ ನಮ್ಮ ಎಸ್.ಟಿ.ಯ ‘ಶಿವಾಯಿ’ ವಿದ್ಯುತ್ ಬಸ್ಸು ಪುಣೆ-ನಗರದ ದಾರಿಯಲ್ಲಿ 2022ರ ಜೂನ್ 1ರಂದೇ ಓಡಿತು. ಇಂದು ಹದಿನಾರರ ಹುಡುಗ ಇನ್ನು ನಾಲ್ವತ್ತು ವರ್ಷ ದುಡಿಯಬೇಕು. ವಿದ್ಯುತ್ ವಾಹನ ಮೆಕ್ಯಾನಿಕ್ ಎಂಬ ಶಿಕ್ಷಣಕ್ರಮವೇ ಐ.ಟಿ.ಐ.ಗಳಿಗಾಗಿ ಸಿದ್ಧವಾಗಿದೆ, ಅದು ಸಿಗದಲ್ಲಿ ಎಲೆಕ್ಟ್ರಿಷಿಯನ್ ಕಲಿಯಲಿ. ನಮ್ಮ ಕಡೆ ಸುಟ್ಟ ಪಂಪಿನ ಮೋಟರಿಗೆ ತಾಮ್ರದ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಗಳನ್ನು ಯಾರೂ ದೊಡ್ಡ ವಿದ್ಯೆಯೆಂದು ಎಣಿಸಿಲ್ಲ. ಹೊಸ ಕಾರಿನ ಹೃದಯಕ್ಕೆ ಗ್ಯಾರೇಜಿಗಿಂತ ಆ ಅಂಗಡಿಯೇ ಹತ್ತಿರದ ಬಂಧು. ರಜೆಯಲ್ಲಿ ಹುಡುಗ ಒಂದು ತಿಂಗಳು ಅಲ್ಲಿ ಕುಳಿತು ಬರಲಿ.

ಒಂದು ಎಚ್ಚರಿಕೆಯನ್ನು ಮಾತ್ರ ಈಗಲೇ ಹೇಳಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿಯ ತಂತಿಗಳನ್ನು ಬರಿಗೈಯಲ್ಲಿ ತಾಕಿಸಿ ಕಿಡಿ ನೋಡುವ ರೂಢಿ ಗ್ಯಾರೇಜಿನ ಹುಡುಗರಿಗಿದೆ. ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲುಗಳಿರುತ್ತವೆ; ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟು, ಒಮ್ಮೆ ತಗುಲಿದರೆ ಪ್ರಾಣಕ್ಕೇ ಎರವು. ಬ್ಯಾಟರಿಯ ಸಂಪರ್ಕ ಕಡಿಯದೆ, ರಬ್ಬರಿನ ಕೈಗವಸು ತೊಡದೆ, ತರಬೇತಿ ಇಲ್ಲದವರು ಅವುಗಳ ಸಮೀಪ ಸುಳಿಯಬಾರದು. ಆ ಕೆಲಸದ ಕ್ರಮವನ್ನು ಮುಂದಿನ ತಿಂಗಳು ಚಿತ್ರಸಹಿತ ಬರೆಯುವೆವು.