ಮುಲಾಖತ್ತು ಹೋಯಿತು, ಬಾಗಿಲು ತೆರೆಯಿತೇ?

ವಡಗಾವಿಯ ಮಗ್ಗದ ಕಾಮಗಾರರೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದಿದ್ದರು. ರಾತ್ರಿಪಾಳಿ ಮುಗಿಸಿ ನೆಟ್ಟಗೆ ಬಂದವರು. ಅಂಗಿಯ ಮೇಲೆ ಇನ್ನೂ ನೂಲಿನ ಧೂಳಿತ್ತು. ಕೈಯಲ್ಲಿ ಸೀರೆ ಅಂಗಡಿಯ ಒಂದು ಚೀಲ, ಚೀಲದ ತುಂಬ ಕಾಗದ. "ಇದರಾಗ ಯಾವ ಕಾಗದ ಕಮ್ಮಿ ಬಿದ್ದೈತಿ ನೋಡಿ ಹೇಳ್ರಿ ಅಣ್ಣಾರ, ಮಗಳು ಡಾಕ್ಟರಕಿಗೆ ಹಾಕ್ಯಾಳ" ಎಂದರು. ನಾವು ಒಂದೊಂದಾಗಿ ಬಿಚ್ಚಿ ನೋಡಿದೆವು. ಕಾಗದ ಯಾವುದೂ ಕಡಿಮೆ ಇರಲಿಲ್ಲ. ಕಡಿಮೆಯಾದುದು ಬೇರೆ.

ಆ ಹುಡುಗಿ ಖಾನಾಪುರ ತಾಲೂಕಿನ ಒಂದು ಹಳ್ಳಿಯವಳು. ಹಳ್ಳಿಯಲ್ಲಿ ಸಾಲಿ ಇದ್ದುದು ಏಳನೆಯ ಇಯತ್ತೆಯ ತನಕ. ಮುಂದಿನ ಮೂರು ವರ್ಷ ಖಾನಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಸರಕಾರಿ ಹಾಯಸ್ಕೂಲು ಮುಗಿಸಿದಳು. ಗ್ರಾಮೀಣ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 15 ಸೀಟುಗಳ ಮೀಸಲಾತಿ ಉಂಟು. ಆದರೆ ಒಂದರಿಂದ ಹತ್ತನೆಯ ತನಕ ಹತ್ತೂ ವರ್ಷ ಹಳ್ಳಿಯಲ್ಲಿಯೇ ಓದಿರಬೇಕು. ಖಾನಾಪುರ ಪಟ್ಟಣ ಪಂಚಾಯತಿಯ ಊರು. ಕಾಯದೆಯ ಕಣ್ಣಿಗೆ ಅದು ಹಳ್ಳಿಯಲ್ಲ. ಬೆಳಗಾವಿಯಿಂದ ಲೋಂಡಾ ಕಡೆಗೆ ಹೋಗುವ ಗಾಡಿಯಲ್ಲಿ ಕುಳಿತು ಖಾನಾಪುರ ಸ್ಟೇಶನ್ನಿನಲ್ಲಿ ಇಳಿದವರಿಗೆ ಅದು ಎಂಥ ಮಹಾನಗರವೆಂಬುದು ಗೊತ್ತೇ ಇದೆ! ಹಂಚಿನ ಭಟ್ಟಿ, ಕುಂಬಾರಿಕೆ, ವಾರದ ಸಂತೆ, ನಾಲ್ಕು ಕಚೇರಿ. ತನ್ನೂರಲ್ಲಿ ಹಾಯಸ್ಕೂಲು ಇರಲಿಲ್ಲವೆಂದು ಅಲ್ಲಿಗೆ ಬಂದವಳು, ಬಂದ ಕಾರಣಕ್ಕೇ 'ಶಹರದವಳು' ಆದಳು. ಸಾಲಿ ಕಟ್ಟದಿದ್ದುದು ಸರಕಾರ. ಅದರ ದಂಡ ತೆತ್ತವಳು ಹುಡುಗಿ.

ಇದನ್ನು ತಂದೆಗೆ ತಿಳಿಸಿ ಹೇಳುವಾಗ ನಮಗೇ ನಾಚಿಕೆಯಾಯಿತು. ಆತ ಮಾತ್ರ ಸಿಟ್ಟಾಗಲಿಲ್ಲ. "ಹಂಗಾದ್ರ ನಾ ಆಕೀನ ಹಳ್ಯಾಗ ಇಟ್ಟಿದ್ರ ಆಕಿ ಎಂಟನೇತ್ತ ಎಲ್ಲಿ ಕಲೀಬೇಕಿತ್ರಿ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ನಮ್ಮಲ್ಲಿರಲಿಲ್ಲ.

ಈ ದಿನಗಳಲ್ಲಿ ಒಂದು ಮಾತು ಬಹಳ ಕೇಳಿಬರುತ್ತದೆ. ಮೊದಲಿನ ಕಾಲದಲ್ಲಿ ಮುಲಾಖತ್ತು ಇತ್ತು, ವಶೀಲಿ ಇತ್ತು, ದೊಡ್ಡವರ ಮಕ್ಕಳು ಒಳಗೆ ನುಗ್ಗುತ್ತಿದ್ದರು. ಈಗ ಒಂದೇ ಪರೀಕ್ಷೆ, ಯಂತ್ರ ಗುಣ ಎಣಿಸುತ್ತದೆ, ಯಂತ್ರಕ್ಕೆ ಜಾತಿಯಿಲ್ಲ, ಮುಲಾಜಿಲ್ಲ. ಬಡವರು ಇನ್ನು ದೂರುವದೇನಿದೆ, ಎನ್ನುತ್ತಾರೆ. ಮೊದಲಿನ ಅರ್ಧ ಮಾತು ನಿಜ. ಅದನ್ನು ಮರೆಯಬಾರದು.

1963ರಲ್ಲಿ ಅಂದಿನ ಮೈಸೂರು ಸರಕಾರ ಇಂಜಿನಿಯರಿಂಗ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಮುಲಾಖತ್ತನ್ನು ಇಟ್ಟಿತು. ಐಚ್ಛಿಕ ವಿಷಯಗಳ ಒಟ್ಟು ಗುಣಗಳ ನೂರಕ್ಕೆ 25ರಷ್ಟನ್ನು ಮುಲಾಖತ್ತಿಗೆ ಮೀಸಲಿಟ್ಟರು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ, ಚರ್ಚಾಕೂಟ ಇವುಗಳನ್ನು ನೋಡಿ ಸಮಿತಿ ಗುಣ ಕೊಡಬೇಕು. ಗಿರಣಿ ಚಾಳಿನ ಹುಡುಗ ಯಾವ ಚರ್ಚಾಕೂಟಕ್ಕೆ ಹೋಗಿದ್ದಾನು? ಅಪ್ಪನಿಗೆ ಬುತ್ತಿ ಒಯ್ದು ಕೊಟ್ಟುದಕ್ಕೆ ಯಾವ ಸಮಿತಿ ಗುಣ ಕೊಟ್ಟೀತು? ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಚಿತ್ರಲೇಖಾ ಪ್ರಕರಣವೆಂದು ಅದು ಹೆಸರಾಗಿದೆ. 1964ರ ಜನವರಿಯಲ್ಲಿ ಸುಪ್ರೀಮ ಕೋರ್ಟು ಬಹುಮತದಿಂದ ಮುಲಾಖತ್ತನ್ನು ಎತ್ತಿಹಿಡಿಯಿತು. ದುರುಪಯೋಗವಾದರೆ ಆ ಆಯ್ಕೆಯನ್ನು ರದ್ದು ಮಾಡಬಹುದೇ ಹೊರತು ಪದ್ಧತಿಯನ್ನೇ ತೆಗೆದುಹಾಕಲಾಗದೆಂಬುದು ಅದರ ಅಭಿಪ್ರಾಯ.

ಆದರೆ ಅದೇ ವರ್ಷದ ಇನ್ನೊಂದು ಆಜ್ಞೆಯನ್ನು ನಮ್ಮ ಓದುಗರು ಅವಶ್ಯ ತಿಳಿಯಬೇಕು. ಬಾಲಾಜಿ ಪ್ರಕರಣದಲ್ಲಿ ನೂರಕ್ಕೆ 68ರ ಮೀಸಲಾತಿ ಬಿದ್ದುಹೋದ ಮೇಲೆ ಸರಕಾರ ಹಿಂದುಳಿದವರನ್ನು ಹೊಸ ರೀತಿಯಲ್ಲಿ ಗುರುತಿಸಿತು: ಮನೆಯ ವರ್ಷದ ಉತ್ಪನ್ನ 1200 ರೂಪಾಯಿಯೊಳಗಿರಬೇಕು, ಮತ್ತು ಕಸುಬು ಒಕ್ಕಲುತನ, ಕೈಕಸುಬು, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ ಅಥವಾ ಮೈಮುರಿದು ದುಡಿಯುವ ಬೇರೆ ಕೆಲಸವಾಗಿರಬೇಕು. ಅಂಥವರಿಗೆ ನೂರಕ್ಕೆ 30 ಸೀಟು. ಜಾತಿಯನ್ನು ಪೂರ್ತಿ ಬಿಟ್ಟುದು ಅದರ ದೋಷವೇ ಸರಿ. ಈ ನಾಡಿನಲ್ಲಿ ಜಾತಿಯನ್ನು ಲೆಕ್ಕಕ್ಕೆ ಹಿಡಿಯದೆ ಬಡತನವನ್ನು ಅಳೆಯಲಾಗದು. ಆದರೂ ಕಾಮಗಾರ, ಚಿಲ್ಲರೆ ಅಂಗಡಿಕಾರ ಎಂಬ ಶಬ್ದಗಳು ವೈದ್ಯಕೀಯ ಕಾಲೇಜಿನ ಪ್ರವೇಶದ ಕಾಗದದಲ್ಲಿ ಒಮ್ಮೆ ಕಾಣಿಸಿಕೊಂಡಿದ್ದವು. ಇಂದು ಕಸುಬಿನ ಪ್ರಶ್ನೆಯನ್ನು ಯಾರು ಕೇಳುತ್ತಾರೆ?

ಮುಲಾಖತ್ತಿನ ಹಿಂದೆಯೇ ದುಡ್ಡು ಬಂತು. ಡೊನೇಶನ್ನಿನ ಕಥೆ ಎಲ್ಲರಿಗೂ ಗೊತ್ತಿದ್ದುದೇ, ಬೆಳೆಸಿ ಹೇಳುವದಿಲ್ಲ. 1984ರಲ್ಲಿ ಕ್ಯಾಪಿಟೇಶನ್ ನಿಷೇಧದ ಕಾಯದೆಯಾಯಿತು. ಆದರೂ 1989ರ ಸರಕಾರಿ ಆಜ್ಞೆಯಲ್ಲಿಯೇ ಖಾಸಗಿ ವೈದ್ಯಕೀಯ ಕಾಲೇಜಿನ ಸರಕಾರಿ ಸೀಟಿಗೆ ವರ್ಷಕ್ಕೆ 2000, ಉಳಿದ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಎಂದಿತ್ತು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳು ಇದನ್ನು ಪ್ರಶ್ನಿಸಿ 1992ರಲ್ಲಿ ಗೆದ್ದಳು. ಮರುವರ್ಷವೇ ಇನ್ನೊಂದು ತೀರ್ಪಿನಲ್ಲಿ 'ಹಣದ ಸೀಟು' ಎಂಬುದು ಮತ್ತೆ ಒಳಗೆ ಬಂತು. ಇಂದಿಗೂ ಸರಕಾರಿ ಕಾಲೇಜಿನ ಫೀ ಸಾವಿರಗಳಲ್ಲಿ, ಖಾಸಗಿ ಕಾಲೇಜಿನ ಖಾಸಗಿ ಸೀಟಿನ ಫೀ ಲಕ್ಷಗಳಲ್ಲಿ ಇರುತ್ತದೆ.

2016ರಿಂದ ನೀಟ್ ದೇಶಕ್ಕೆಲ್ಲ ಕಡ್ಡಾಯವಾಗಿದೆ. 180 ಪ್ರಶ್ನೆ, 720 ಗುಣ. ಸರಿಯಾದರೆ ನಾಲ್ಕು ಸಿಗುತ್ತದೆ, ತಪ್ಪಿದರೆ ಒಂದು ಹೋಗುತ್ತದೆ. 2017ರಿಂದ ಕನ್ನಡದಲ್ಲಿಯೂ ಬರೆಯಬಹುದು. ಆದರೆ ವಿಜ್ಞಾನದ ಪಿಯುಸಿ ಪಾಠ ಹೆಚ್ಚಾಗಿ ಇಂಗ್ಲೀಷಿನಲ್ಲಿಯೇ ನಡೆಯುವಾಗ, ಪರೀಕ್ಷೆಯ ದಿನ ಮಾತ್ರ ಕನ್ನಡದ ಕಾಗದ ಕೊಟ್ಟರೆ ಈಜು ಕಲಿಸದೆ ನೀರಿಗೆ ತಳ್ಳಿದಂತೆ. ಪ್ರಶ್ನೆಗಳ ರೀತಿಯೇ ಬೇರೆ, ವೇಗವೇ ಬೇರೆ. ಅದಕ್ಕೆ ಕೋಚಿಂಗ ಕ್ಲಾಸು ಬೇಕು, ಕ್ಲಾಸಿಗೆ ಹಣ ಬೇಕು, ಒಮ್ಮೆ ಆಗದಿದ್ದರೆ ಮನೆಯಲ್ಲಿ ಒಂದು ವರ್ಷ ಕುಳಿತು ಮತ್ತೆ ಬರೆಯಬೇಕು. ನಮ್ಮ ಮನೆಗಳಲ್ಲಿ ಹದಿನೆಂಟು ವರ್ಷದವರು ಒಂದು ವರ್ಷ ಸುಮ್ಮನೆ ಕೂಡುವದುಂಟೇ? ಮುಲಾಖತ್ತಿನ ಮೇಜು ಎಲ್ಲಿಯೂ ಹೋಗಿಲ್ಲ. ಮೊದಲು ಕಾಲೇಜಿನಲ್ಲಿತ್ತು, ಈಗ ಕೋಚಿಂಗ ಕ್ಲಾಸಿನ ಕ್ಯಾಶ್ ಕೌಂಟರಿಗೆ ಬಂದು ನಿಂತಿದೆ.

ಎಲ್ಲ ಮುಲಾಖತ್ತೂ ಕೆಟ್ಟದ್ದೆಂದು ನಾವು ಹೇಳುವದಿಲ್ಲ. ವೆಲ್ಲೂರಿನ ಮಿಶನ್ ಕಾಲೇಜಿನವರು ಹಲವಾರು ದಶಕ ವಿದ್ಯಾರ್ಥಿಗಳನ್ನು ಕರೆಸಿ, ಮಾತಾಡಿಸಿ, ಹಳ್ಳಿಯ ದವಾಖಾನೆಯಲ್ಲಿ ದುಡಿಯುವ ಮನಸ್ಸಿದೆಯೇ ಎಂದು ನೋಡಿ ತೆಗೆದುಕೊಳ್ಳುತ್ತಿದ್ದರು. ಆದರೆ ಆ ಪದ್ಧತಿ ನಡೆಸುವ ಪ್ರಾಮಾಣಿಕತೆ ಎಲ್ಲ ಕಡೆಗೂ ಸಿಗುವ ಸರಕಲ್ಲ. 2020ರಲ್ಲಿ ಸುಪ್ರೀಮ ಕೋರ್ಟು ಅವರಿಗೂ ನೀಟೇ ಗತಿ ಎಂದಿತು.

ನಮ್ಮ ನೆರೆಯ ತಮಿಳುನಾಡಿನವರು ಸುಮ್ಮನೆ ಕೂಡಲಿಲ್ಲ. ಆರರಿಂದ ಹನ್ನೆರಡನೆಯ ತನಕ ಸರಕಾರಿ ಸಾಲಿಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ ಏಳೂವರೆ ಮೀಸಲೆಂದು 2020ರಲ್ಲಿ ಕಾಯದೆ ಮಾಡಿದರು. 2022ರಲ್ಲಿ ಮದ್ರಾಸ ಹಾಯಕೋರ್ಟು ಅದನ್ನು ಒಪ್ಪಿತು. ನಮ್ಮ ವಿಧಾನಮಂಡಲವೂ 2024ರ ಜುಲೈಯಲ್ಲಿ ನೀಟ್ ಬೇಡವೆಂದು ಠರಾವು ಮಾಡಿತು. ಠರಾವು ಮಾಡುವದು ಸುಲಭ. ದಿಲ್ಲಿಯ ಒಪ್ಪಿಗೆ ಬರುವ ತನಕ ಕೈಕಟ್ಟಿ ಕೂಡುವದು ಇನ್ನೂ ಸುಲಭ. ತಮಿಳುನಾಡಿನ ದಾರಿಗೆ ದಿಲ್ಲಿಯ ತನಕ ಹೋಗಬೇಕಾಗಿಲ್ಲ. ಹುಡುಗಿ ಪಟ್ಟಣ ಪಂಚಾಯತಿಯ ಗಡಿಯ ಆಚೆ ಓದಿದಳೋ ಈಚೆ ಓದಿದಳೋ ಎಂದು ಅಳೆಯುವ ಬದಲು, ಸರಕಾರಿ ಸಾಲಿಯಲ್ಲಿ ಓದಿದಳೇ ಎಂದು ಕೇಳಿರಿ. ಖಾನಾಪುರದ ಮರಾಠಿ ಸಾಲಿಯ ಬಡ ಮಕ್ಕಳಿಗೂ ಇದರಿಂದ ಬಾಗಿಲು ತೆರೆಯುತ್ತದೆ. ಕನ್ನಡ ಮಾಧ್ಯಮದ ನೂರಕ್ಕೆ 5 ಸೀಟು ಇರಲೇಬೇಕು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸರಕಾರಿ ಮರಾಠಿ ಸಾಲಿಯ ಕೂಲಿಕಾರನ ಮಗ ಕನ್ನಡದ ಕೂಲಿಕಾರನ ಮಗನ ವೈರಿಯಲ್ಲ. ಗಡಿಯ ಗದ್ದಲದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವರು ಬೇರೆಯೇ ಇದ್ದಾರೆ.

ಈ ತಾಲೂಕಿನಿಂದಲೇ ಡಾಕ್ಟರರು ಯಾಕೆ ಬರಬೇಕೆಂದು ಕೇಳುವವರಿಗೆ ಆಮಗಾಂವವನ್ನು ನೆನಪಿಸುತ್ತೇವೆ. 2024ರ ಜುಲೈ ಮಳೆಯಲ್ಲಿ ಭೀಮಗಡ ಕಾಡಿನ ಆ ಊರಿನವರು ಜಡ್ಡಾದ ಹೆಣ್ಣುಮಗಳೊಬ್ಬಳನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಕಾಡುದಾರಿಯಲ್ಲಿ ನಡೆದರು. ಆ ದಾರಿ ನಡೆದು ಬೆಳೆದವರ ಮಕ್ಕಳು ಡಾಕ್ಟರರಾದರೆ, ಆ ದಾರಿಗೆ ಹೆದರದ ಒಬ್ಬರಾದರೂ ಸಿಗಬಹುದು.

ಇನ್ನು ವಸತಿಯ ಮಾತು. ಸೀಟು ಸಿಕ್ಕಿತೆಂದು ಪೇಢೆ ಹಂಚಿದ ಮನೆಯಲ್ಲಿ ಎಂಟು ದಿನಕ್ಕೆ ಚಿಂತೆ ಸುರುವಾಗುತ್ತದೆ. ಇಡೀ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ ನಮ್ಮವರು ಡಾಕ್ಟರಕಿಗೆ ಪುಣೆ, ಮುಂಬಯಿಗೆ ಹೋಗಬೇಕಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕಾಲೇಜಾಯಿತು. 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜು, 2005ರಲ್ಲಿ ಜಿಲ್ಲಾ ದವಾಖಾನೆಯ ಮಗ್ಗುಲಲ್ಲಿ ಸರಕಾರಿ ಸಂಸ್ಥೆ ಬಿಮ್ಸ್ ಬಂದವು. (ಮೊದಲನೆಯದು ಈಗ ಡೀಮ್ಡ್ ವಿಶ್ವವಿದ್ಯಾಲಯದ ಅಂಗ, ಅಂಥ ಕಾಲೇಜುಗಳ ಸೀಟು ಹಂಚುವದು ದಿಲ್ಲಿಯ ಸಮಿತಿಯೇ ಹೊರತು ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರವಲ್ಲ. ಎರಡೂ ಕಡೆ ಬೇರೆ ಬೇರೆ ಹೆಸರು ಹಚ್ಚಬೇಕೆಂಬುದು ತಿಳಿಯದೆ ಮೋಸಹೋದವರನ್ನು ನಾವು ಕಂಡಿದ್ದೇವೆ.) ಊರಲ್ಲಿಯೇ ಕಾಲೇಜಿದ್ದರೂ ಸೀಟು ಊರಲ್ಲಿಯೇ ಸಿಗುವದೆಂದೇನಿಲ್ಲ. ಖಾನಾಪುರದವಳಿಗೆ ಕಾರವಾರ, ಗದಗಿನವನಿಗೆ ಬೆಳಗಾವಿ.

ಹಿಂದೆ ವಾರಾನ್ನವಿತ್ತು, ಮಠಗಳ ಪ್ರಸಾದ ನಿಲಯಗಳಿದ್ದವು. ಈ ಊರಿನ ನಾಗನೂರು ರುದ್ರಾಕ್ಷಿಮಠದಲ್ಲಿ ಉಂಡು ಓದಿದ ಬಡ ಹುಡುಗರು ನಾಡಿನ ತುಂಬ ಇದ್ದಾರೆ. ಆ ಉಪಕಾರವನ್ನು ನೆನೆಯದಿದ್ದರೆ ಕೃತಘ್ನರಾದೇವು. ಆದರೆ ಹಕ್ಕು ಬೇರೆ, ಉಪಕಾರ ಬೇರೆ. ಸರಕಾರದ ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ 'ವಿದ್ಯಾಸಿರಿ' ಎಂದು ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯನ್ನು 2013ರಲ್ಲಿ ತಂದರು. ಯೋಜನೆ ಒಳ್ಳೆಯದೇ. ಆದರೆ 1500ರಲ್ಲಿ ಖೋಲಿ ಬಾಡಿಗೆ ಮತ್ತು ಎರಡು ಹೊತ್ತಿನ ಖಾನಾವಳಿ ಆಗುವ ಊರು ಯಾವುದೆಂದು ಲೆಕ್ಕ ಹಾಕಿದವರೇ ತೋರಿಸಬೇಕು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದೆ. ಖಾನಾಪುರದ ಹುಡುಗಿಗೆ ಬೆಳಗಾವಿಯಲ್ಲಿಯೇ ಸೀಟು ಸಿಕ್ಕರೆ ಮೊದಲಿನ ವರ್ಷ ಹೋಗಿ ಬಂದಾಳು. ವಾರ್ಡಿನ ಕೆಲಸ ಸುರುವಾದ ಮೇಲೆ, ರಾತ್ರಿಯ ಹೆರಿಗೆ ಕೋಣೆಯಲ್ಲಿ ನಿಂತವಳು ಯಾವ ಬಸ್ಸು ಹಿಡಿಯಬೇಕು? ಕ್ಯೂಬಾ ಬಡ ದೇಶ. ಆದರೆ 1999ರಲ್ಲಿ ಹವಾನಾದಲ್ಲಿ ತೆರೆದ ವೈದ್ಯಕೀಯ ಶಾಲೆಯಲ್ಲಿ ಹೊರದೇಶದ ಬಡ ಮಕ್ಕಳಿಗೂ ಪಾಠದ ಜೊತೆ ಊಟ, ವಸತಿಗಳನ್ನು ಬಿಟ್ಟಿಯಾಗಿ ಕೊಟ್ಟರು. ಹಾಸಿಗೆಯಿಲ್ಲದ ಸೀಟು ಅರ್ಧ ಸೀಟೆಂಬುದನ್ನು ಅವರು ಅರಿತಿದ್ದರು.

ಸರಕಾರಕ್ಕೆ ಹೇಳಿದ್ದಾಯಿತು. ಈಗ ನಮ್ಮವರಿಗೂ ಒಂದು ಮಾತು ಹೇಳಬೇಕು, ಕೆಲವರಿಗೆ ರುಚಿಸಲಿಕ್ಕಿಲ್ಲ. ಶಹಾಪುರ, ಟಿಳಕವಾಡಿ, ಖಡೇಬಜಾರ ಸುತ್ತಲಿನ ಅಂಗಡಿಕಾರ ಬಂಧುಗಳಲ್ಲಿ ಎಷ್ಟೋ ಜನರ ಮನೆಗೆ ಮಹಡಿ ಇದೆ, ಮಹಡಿಯಲ್ಲಿ ಬಾಡಿಗೆಯ ಖೋಲಿ ಇದೆ. ಕಳೆದ ವರ್ಷ ಬೇರೆ ಜಿಲ್ಲೆಯ ಒಬ್ಬ ವಿದ್ಯಾರ್ಥಿಗೆ ಖೋಲಿ ಹುಡುಕಲು ನಾವೇ ಮೂರು ಸಂಜೆ ತಿರುಗಿದೆವು. ಬಾಡಿಗೆಯ ಮಾತಿಗಿಂತ ಮೊದಲು ಅಡ್ಡಹೆಸರು ಕೇಳಿದರು. ಅಡ್ಡಹೆಸರಿನಿಂದ ತಿಳಿಯದಾದಾಗ "ತಿನ್ನೂದು ಉಣ್ಣೂದು ಹೆಂಗ್ರೀ?" ಎಂದು ಕೇಳಿದರು. ಒಂದು ಮನೆಯಲ್ಲಿ ಮುಂಗಡ ಎಣಿಸಿಕೊಂಡು, ಮರುದಿನ ಹುಡುಗನ ಕೇರಿ ಯಾವುದೆಂದು ಗೊತ್ತಾದ ಮೇಲೆ ಹಿಂದಕ್ಕೆ ಕೊಟ್ಟರು. ಆ ಮನೆಯವರು ಈ ಪತ್ರಿಕೆಯ ಚಂದಾದಾರರು. ಮುಂದೊಂದು ದಿನ ಎದೆನೋವೆಂದು ದವಾಖಾನೆಗೆ ಹೋದಾಗ ನಾಡಿ ಹಿಡಿಯುವವನ ಅಡ್ಡಹೆಸರನ್ನು ಇವರು ಕೇಳುವರೇ? ಇದೂ ಮುಲಾಖತ್ತೇ, ಬಂಧುಗಳೇ. ಇದನ್ನು ನಡೆಸುತ್ತಿರುವ ಸಮಿತಿ ನಾವೇ.

ಮತ್ತೆ ಆ ಮಗ್ಗದ ಕಾಮಗಾರರ ಮಾತಿಗೆ ಬರೋಣ. ಓದಿದ ದಾಖಲೆಗೆ ಸಾಲಿಯ ಸಹಿ, ಅದರ ಮೇಲೆ ಶಿಕ್ಷಣಾಧಿಕಾರಿಯ ಮೇಲುಸಹಿ, ಜಾತಿ-ಉತ್ಪನ್ನದ ದಾಖಲೆಗೆ ನಾಡಕಚೇರಿ ಎಂದು ಆತ ಖಾನಾಪುರಕ್ಕೆ ಐದು ಸಲ ಹೋಗಿಬಂದಿದ್ದರು. ಐದು ಪಾಳಿಯ ಪಗಾರ ಹೋಯಿತು. ಇದನ್ನು ಯಾವ ಪ್ರವೇಶದ ಫೀಯಲ್ಲಿಯೂ ಲೆಕ್ಕ ಹಿಡಿಯುವದಿಲ್ಲ. ಪ್ರವೇಶದ ಎರಡು ತಿಂಗಳಾದರೂ ಈ ಎಲ್ಲ ಸಹಿಗಳು ಒಂದೇ ಕಟ್ಟೆಯಲ್ಲಿ, ರವಿವಾರವೂ ಸಿಗುವಂತೆ ತಾಲೂಕು ಕಚೇರಿಯಲ್ಲಿ ವ್ಯವಸ್ಥೆಯಾಗಬೇಕೆಂದು ಜಿಲ್ಲಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇವೆ. ಕನ್ನಡ ಮಾಧ್ಯಮದ ದಾಖಲೆ ಆ ಹುಡುಗಿಗೆ ಸಿಕ್ಕಿದೆ. ಅದರ ಬಲದ ಮೇಲೆ ಸೀಟು ಬರಬಹುದು.

ವ್ಯವಸ್ಥೆ ಆಗುವ ತನಕ ನಮ್ಮ ಕಚೇರಿಯಲ್ಲಿ ಪ್ರತಿ ರವಿವಾರ ಮುಂಜಾನೆ ಹತ್ತರಿಂದ ಒಂದರ ತನಕ ಇಬ್ಬರು ಮಾಸ್ತರರು ಕೂತು ಕಾಗದ ನೋಡಿಕೊಡುತ್ತಾರೆ. ಝೆರಾಕ್ಸ ತಂದರೆ ಸಾಕು, ಮೂಲಪ್ರತಿಗಳನ್ನು ಯಾರ ಕೈಗೂ ಕೊಡಬೇಡಿರಿ, ನಮ್ಮ ಕೈಗೂ ಬೇಡ. ಅಡ್ಡಹೆಸರು ಕೇಳದೆ ಖೋಲಿ ಕೊಡುವವರು ಅದೇ ವೇಳೆಗೆ ಬಂದು ವಿಳಾಸ, ಬಾಡಿಗೆ ಬರೆಸಿ ಹೋಗಬೇಕು. ಆ ವಹಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಇದನ್ನು ಬರೆಯುವ ಹೊತ್ತಿಗೆ ಅದರಲ್ಲಿ ಎರಡು ಹೆಸರುಗಳಿವೆ.